ಅಮ್ಮನ ಫೋನಿಗೆ ರಿಂಗ್‌ಟೋನ್: ಹಾಡು ಹಾಕಲಾ, ನಮ್ಮ ದನಿಯನ್ನೇ ಹಾಕಲಾ?

ತೀರ್ಥಹಳ್ಳಿ ಮಗಳು:
ಅಮ್ಮನಿಗೆ 74 ವರ್ಷ. ತೀರ್ಥಹಳ್ಳಿ ಹತ್ತಿರದ ಊರಿನಲ್ಲಿ ಒಬ್ಬರೇ ಇದ್ದಾರೆ. ಆಂಡ್ರಾಯ್ಡ್ ಫೋನ್ ಕೊಡಿಸಿದ್ದೇವೆ. ಅದರಲ್ಲಿ ಮೊದಲಿಂದ ಇರುವ ರಿಂಗ್‌ಟೋನ್ ತುಂಬಾ ಮೆತ್ತಗೆ. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಕೇಳಿಸುವುದೇ ಇಲ್ಲ. ಕನ್ನಡಕ ಎಲ್ಲೋ ಇರುತ್ತದೆ, ಯಾರ ಫೋನ್ ಅಂತ ಓದಲೂ ಆಗುವುದಿಲ್ಲ. ಸಾಲ ಬೇಕಾ ಅಂತ ಕೇಳುವವರ ಕರೆ ಎತ್ತಿ ಎತ್ತಿ ಬೇಸತ್ತು, ಈಗ ಯಾರದ್ದನ್ನೂ ಎತ್ತುತ್ತಿಲ್ಲ. ನಾವು ಮೂವರು ಮಕ್ಕಳು. ಒಬ್ಬೊಬ್ಬರಿಗೂ ಬೇರೆ ಬೇರೆ ರಿಂಗ್‌ಟೋನ್ ಮಾಡಿ ಹಾಕಬೇಕು ಅಂತಿದ್ದೇನೆ. ಹಾಡು ಕತ್ತರಿಸಿ ಹಾಕಲಾ, ನಮ್ಮ ದನಿಯಲ್ಲೇ "ಅಮ್ಮಾ, ನಾನು" ಅಂತ ರೆಕಾರ್ಡ್ ಮಾಡಲಾ?

ಭಜನೆ ಮನೆ:
ಹಾಡೇ ಹಾಕಿ. ನನ್ನ ಅತ್ತೆಗೆ ದೊಡ್ಡ ಮಗನಿಗೊಂದು ದೇವರನಾಮ, ಚಿಕ್ಕವನಿಗೊಂದು ಅಂತ ಹಾಕಿಕೊಟ್ಟೆ. ಎರಡೇ ದಿನದಲ್ಲಿ ಗುರುತು ಹಿಡಿದರು. ಎಂಪಿ3 ಫೈಲ್ ಇದ್ದರೆ ಯಾವುದಾದರೂ ಟ್ರಿಮ್ಮರ್‌ನಲ್ಲಿ ಬೇಕಾದಷ್ಟು ಕತ್ತರಿಸಿ ಫೋನಿನ ರಿಂಗ್‌ಟೋನ್ಸ್ ಫೋಲ್ಡರ್‌ಗೆ ಹಾಕಿದರಾಯಿತು. ಹಾಡು ಕೇಳುವ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿದ್ದು ನಡೆಯುವುದಿಲ್ಲ, ಅದು ಆ ಆ್ಯಪ್ ಒಳಗೇ ಬೀಗ ಹಾಕಿಕೊಂಡು ಕೂತಿರುತ್ತದೆ.

ಹಾಸನದ ರಿಪೇರಿಯವ:
ಹಾಡು ಹಾಕುವವರು ಮಾಡುವ ತಪ್ಪು ಒಂದೇ. ಹಾಡಿನ ಶುರುವಿನಿಂದ ಹಾಕುತ್ತಾರೆ. ಮೊದಲ ಹತ್ತು ಸೆಕೆಂಡ್ ಬರೀ ತಂಬೂರಿ, ಆಮೇಲೆ ಮೆಲ್ಲಗೆ ಆಲಾಪ. ಅಷ್ಟರಲ್ಲಿ ಕಾಲ ಮುಗಿಯುತ್ತದೆ. 2019ರ ನವೆಂಬರ್‌ನಲ್ಲಿ ಫೋನ್ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್ ಒಂದು ಲೆಕ್ಕ ಗೊತ್ತು ಮಾಡಿತು. ಯಾರೂ ಎತ್ತದಿದ್ದರೆ ಮೊಬೈಲ್ 30 ಸೆಕೆಂಡ್ ಹೊಡೆದುಕೊಳ್ಳಬೇಕು, ಲ್ಯಾಂಡ್‌ಲೈನ್ 60 ಸೆಕೆಂಡ್. ನಿಮ್ಮ ಅಮ್ಮ ಹಿತ್ತಿಲಿನಿಂದ ಚಾವಡಿಗೆ ಬರಬೇಕಲ್ವಾ? ಹಾಗಾಗಿ ಮೊದಲ ಸೆಕೆಂಡಿನಲ್ಲೇ ಜೋರಾಗಿ ಶುರುವಾಗುವ ಜಾಗದಲ್ಲಿ ಕತ್ತರಿಸಿ. ಕತ್ತರಿಸುವಾಗ ಫೇಡ್ ಇನ್ (ಸದ್ದು ಮೆಲ್ಲಗೆ ಶುರುವಾಗುವುದು) ಹಾಕಲೇಬೇಡಿ. ಸೆಟ್ಟಿಂಗ್ಸ್‌ನಲ್ಲಿ ದನಿ ನಿಧಾನವಾಗಿ ಏರುವ ಆಯ್ಕೆ ಇದ್ದರೆ ಅದನ್ನೂ ಆಫ್ ಮಾಡಿ.

ಇನ್ನೊಂದು ಮಾತು. ಮೊದಲು ಸ್ಪೀಕರ್ ನೋಡಿ. ಕೆಳಗಿನ ಸಣ್ಣ ಜಾಲರಿಯಲ್ಲಿ ಹಿಟ್ಟು, ಧೂಳು, ಸೆರಗಿನ ನೂಲು ತುಂಬಿಕೊಂಡಿರುತ್ತದೆ. ಒಣಗಿದ ಮೆತ್ತನೆಯ ಬ್ರಷ್‌ನಿಂದ ತಿಕ್ಕಿ ತೆಗೆಯಿರಿ. ಪಿನ್ನು ಚುಚ್ಚಬೇಡಿ. ನನ್ನ ಅಂಗಡಿಗೆ "ರಿಂಗ್ ಕೇಳಿಸಲ್ಲ" ಅಂತ ತಂದ ಎಷ್ಟೋ ಫೋನ್‌ಗಳು ಇಷ್ಟಕ್ಕೇ ಸರಿಹೋಗಿವೆ.

ಕೆರೆ ದಂಡೆ:
ಇಷ್ಟೆಲ್ಲ ಯಾಕೆ? ಸಿಮ್ ಕಂಪನಿಯವರಿಗೆ ಮೆಸೇಜ್ ಕಳಿಸಿದರೆ ಅವರೇ ಹಾಡು ಹಾಕಿಕೊಡುತ್ತಾರೆ.

ಹಾಸನದ ರಿಪೇರಿಯವ:
@ಕೆರೆ ದಂಡೆ ಅದು ಕಾಲರ್ ಟ್ಯೂನ್. ಫೋನ್ ಮಾಡಿದವರ ಕಿವಿಗೆ ಕೇಳುತ್ತದೆ, ಅಮ್ಮನ ಮನೆಯಲ್ಲಿ ಅಲ್ಲ.

ಮೈಸೂರು ಕಿವಿ:
ನಾನು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು. ಹಾಡೋ ದನಿಯೋ ಅನ್ನುವುದಕ್ಕಿಂತ ಯಾವ ಸ್ವರ ಅನ್ನುವುದು ಮುಖ್ಯ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀರಾ ಕೀರಲು ಸ್ವರಗಳನ್ನು. ಈ ಕಡೆ ಫೋನಿನ ಪುಟ್ಟ ಸ್ಪೀಕರ್‌ಗೆ ಮಂದ್ರ ಸ್ವರ ಹೊರಡಿಸಲು ಆಗುವುದಿಲ್ಲ. ಮೃದಂಗದ ಎಡಗೈ ಪೆಟ್ಟು ಅದರಲ್ಲಿ ಕೇಳಿಸುವುದೇ ಇಲ್ಲ. ಹಾಗಾಗಿ ಉಳಿಯುವುದು ನಡುವಿನ ಜಾಗ, ಸುಮಾರು 500ರಿಂದ 2000 ಹರ್ಟ್ಸ್. ಹಳೇ ಲ್ಯಾಂಡ್‌ಲೈನ್ ಗಂಟೆ, ನಾಗಸ್ವರ ಇವೆಲ್ಲ ಅಲ್ಲಿ ಚೆನ್ನಾಗಿ ಸಿಗುತ್ತವೆ. ಗಾಜಿನ ಮಣಿಯಂಥ ಟಿಣ್ ಟಿಣ್ ಬೇಡವೇ ಬೇಡ.

ಇದಕ್ಕೂ ಮೊದಲು ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಫೋನ್ ಕೇಳಿಸದವರಿಗೆ ಕುಕ್ಕರ್ ವಿಷಲ್ ಕೇಳಿಸುತ್ತದಾ ಅಂತ ಮನೆಯವರು ಗಮನಿಸಿರುವುದಿಲ್ಲ.

ತೀರ್ಥಹಳ್ಳಿ ಮಗಳು:
@ಮೈಸೂರು ಕಿವಿ ಹಾಗಾದರೆ ದನಿ ರೆಕಾರ್ಡ್ ಮಾಡುವುದು ಬೇಡ ಅಂತೀರಾ?

ಮೈಸೂರು ಕಿವಿ:
ಬೇಡ ಅನ್ನುವುದಿಲ್ಲ. ಏನು ಹೇಳುತ್ತೀರಿ ಅನ್ನುವುದು ನೋಡಬೇಕು. ಸ, ಶ, ಚ, ತ ಇಂಥ ವ್ಯಂಜನಗಳು ವಯಸ್ಸಾದ ಕಿವಿಗೆ ಮೊದಲು ಮಸುಕಾಗುತ್ತವೆ. "ಶಶಿ ಫೋನ್ ಮಾಡ್ತಿದಾಳೆ" ಅಂದರೆ ಮಳೆಯಲ್ಲಿ ಬರೀ ಗೊಜಗೊಜ. "ಅಮ್ಮಾ" ಅನ್ನುವುದು ಹಾಗಲ್ಲ. ಆ, ಮ, ಮತ್ತೆ ಆ. ಎಳೆದಷ್ಟೂ ಎಳೆಯಬಹುದು. ಸಣ್ಣವರಿದ್ದಾಗ ಶಾಲೆಯಿಂದ ಬಂದು ಉಣುಗೋಲಿನ ಹತ್ತಿರ ನಿಂತು ಹೇಗೆ ಕೂಗುತ್ತಿದ್ದಿರೋ ಹಾಗೇ ಕೂಗಿ ರೆಕಾರ್ಡ್ ಮಾಡಿ.

ಧಾರವಾಡದವರು:
ನಾನು ದನಿಗೆ ಒಪ್ಪುವುದಿಲ್ಲ. ಕಾರಣ ಹೇಳುತ್ತೇನೆ. ನನ್ನ ಫೋನಿನಲ್ಲಿ ಅಪ್ಪನ ನಂಬರಿಗೆ ಅವರದೇ ದನಿ ಹಾಕಿಕೊಂಡಿದ್ದೆ. "ಏನ್ಪಾ, ಊಟ ಆತೇನು" ಅಂತ. ಅಪ್ಪ ತೀರಿಕೊಂಡ ಮೇಲೆ ಆ ಸಿಮ್ ಅಣ್ಣ ಇಟ್ಟುಕೊಂಡ. ಒಂದು ತಿಂಗಳ ಮೇಲೆ ಅಣ್ಣ ಫೋನ್ ಮಾಡಿದ. ಬಸ್ಸಿನಲ್ಲಿದ್ದೆ. ಜೇಬಿನೊಳಗಿಂದ ಅಪ್ಪ ಊಟ ಆತೇನು ಅಂದರು. ಮುಂದಿನ ಸ್ಟಾಪ್‌ನಲ್ಲೇ ಇಳಿದುಬಿಟ್ಟೆ. ಆ ಫೈಲ್ ಅಳಿಸಲೂ ಆಗಲಿಲ್ಲ, ಹಾಗೇ ಬಿಡಲೂ ಆಗಲಿಲ್ಲ. ದನಿ ಅಂದರೆ ಸುಮ್ನೆ ಅಲ್ಲ. ಗಂಟೆ ಹಾಕಿ, ಸಾಕು.

ಭಜನೆ ಮನೆ:
@ಧಾರವಾಡದವರು ಓದಿ ಕಣ್ಣು ತುಂಬಿತು. ಆದರೆ ಇಲ್ಲಿ ಅಮ್ಮನ ಫೋನಿಗೆ ಮಕ್ಕಳ ದನಿ. ಒಬ್ಬರೇ ಇರುವ ಮನೆಯಲ್ಲಿ ದಿನಕ್ಕೊಮ್ಮೆ ಮಗಳು ಕೂಗಿದಂತೆ ಕೇಳಿಸಿದರೆ ಅದು ಬೇರೆಯೇ. ಹಾಡಿನ ಪರವಾಗಿ ಶುರು ಮಾಡಿದ ನಾನೇ ಈಗ ದನಿಯ ಕಡೆ ಬಂದೆ.

ಧಾರವಾಡದವರು:
ಇರಬಹುದು. ಆದರೂ ಮೊದಲು ಅಮ್ಮನನ್ನು ಕೇಳಿ. ಸದ್ದಿಲ್ಲದೆ ಹಾಕಿಟ್ಟು ಬರಬೇಡಿ, ಗಾಬರಿಯಾಗುತ್ತಾರೆ.

ಸಿಯಾಟಲ್ ಕನ್ನಡಿಗ:
ಹೊರದೇಶದಲ್ಲಿ ಇರುವವರಿಗೆ ಒಂದು ಮಾತು. ಕಾಂಟ್ಯಾಕ್ಟ್‌ನಲ್ಲಿ ಹಾಕಿದ ರಿಂಗ್‌ಟೋನ್ ಮಾಮೂಲಿ ಕರೆಗೆ ಮಾತ್ರ. ವಾಟ್ಸ್‌ಆ್ಯಪ್ ಕರೆಗೆ ಅಲ್ಲಿಯೇ ಬೇರೆಯಾಗಿ ಹಾಕಬೇಕು. ನಿಮ್ಮ ಹೆಸರು ತೆರೆದು, ನೋಟಿಫಿಕೇಶನ್‌ಗೆ ಹೋಗಿ, ಕರೆಯ ರಿಂಗ್‌ಟೋನ್ ಬದಲಿಸಿ. ಇದು ಗೊತ್ತಿಲ್ಲದೆ ಆರು ತಿಂಗಳು ನನ್ನ ಕರೆ ಮಾತ್ರ ಹಳೇ ಟಿಣ್ ಟಿಣ್‌ನಲ್ಲೇ ಹೊಡೆದುಕೊಳ್ಳುತ್ತಿತ್ತು.

ಐಫೋನ್ ಇದ್ದವರು ಮೊದಲು ಗ್ಯಾರೇಜ್‌ಬ್ಯಾಂಡ್ ಅನ್ನುವ ಸಂಗೀತದ ಆ್ಯಪ್ ಸುತ್ತಿ ಬರಬೇಕಿತ್ತು. ಐಒಎಸ್ 26ರಿಂದ ಫೈಲ್ 30 ಸೆಕೆಂಡ್ ಒಳಗಿದ್ದರೆ ಶೇರ್ ಒತ್ತಿ ನೇರವಾಗಿ ರಿಂಗ್‌ಟೋನ್ ಮಾಡಿಕೊಳ್ಳಬಹುದು.

ತೀರ್ಥಹಳ್ಳಿ ಮಗಳು:
ಶನಿವಾರ ಊರಿಗೆ ಹೋಗಿದ್ದೆ. ಅಮ್ಮನನ್ನೇ ಕೇಳಿದೆ. "ನೀನು ಕೂಗು, ತಮ್ಮ ಕೂಗಲಿ, ಉಳಿದವರಿಗೆಲ್ಲ ಗಂಟೆ ಇರಲಿ" ಅಂದರು. ಅಕ್ಕನಿಗೆ ಮಾತ್ರ ನಾಗಸ್ವರ ಬೇಕಂತೆ, ಅವಳ ಮದುವೆಯಲ್ಲಿ ಊದಿದ್ದು ಅವರಿಗೆ ಅಷ್ಟು ಇಷ್ಟ. ಮೂರು ಸಲ ರೆಕಾರ್ಡ್ ಮಾಡಿದೆ. ಮೊದಲ ಸಲ ಮೆತ್ತಗಾಯಿತು. ಎರಡನೇ ಸಲ ಹಿಂದೆ ಮಿಕ್ಸಿ ಸದ್ದು. ಕೊನೆಗೆ ಹಿತ್ತಿಲಿಗೆ ಹೋಗಿ ನಿಜವಾಗಿ ಕೂಗಿದೆ. ಅಮ್ಮ ಒಳಗಿನಿಂದ "ಓ" ಅಂದರು, ಅದೂ ಸ್ವಲ್ಪ ಸೇರಿಕೊಂಡಿತ್ತು. ಅದನ್ನು ಕತ್ತರಿಸಿದೆ.

ಆದರೆ ಹಾಕಲು ಆಗುತ್ತಿಲ್ಲ. ನನ್ನ ಹೆಸರು ತೆರೆದರೆ ರಿಂಗ್‌ಟೋನ್ ಆಯ್ಕೆಯೇ ಕಾಣಿಸುತ್ತಿಲ್ಲ.

ಹಾಸನದ ರಿಪೇರಿಯವ:
ನಿಮ್ಮ ನಂಬರ್ ಸಿಮ್‌ನಲ್ಲಿ ಉಳಿಸಿರಬೇಕು. ಸಿಮ್‌ನಲ್ಲಿ ಹೆಸರು, ನಂಬರ್ ಮಾತ್ರ ನಿಲ್ಲುತ್ತದೆ, ರಿಂಗ್‌ಟೋನ್‌ಗೆ ಜಾಗ ಇಲ್ಲ. ಮೂವರ ನಂಬರನ್ನೂ ಫೋನಿಗೋ ಗೂಗಲ್ ಖಾತೆಗೋ ಕಾಪಿ ಮಾಡಿ. ಆಮೇಲೆ ಹೆಸರು ತೆರೆದು ಮೂಲೆಯ ಮೂರು ಚುಕ್ಕಿ ಒತ್ತಿ, ಅಲ್ಲಿ ಇರುತ್ತದೆ. ಕೆಲವು ಫೋನಿನಲ್ಲಿ ಎಡಿಟ್ ಒಳಗೆ ಇರುತ್ತದೆ. ತಮ್ಮ ವಾಟ್ಸ್‌ಆ್ಯಪ್‌ನಲ್ಲಿ ದನಿ ಕಳಿಸಿದ್ದರೆ ಆ ಫೋಲ್ಡರ್‌ನಲ್ಲೇ ಬಿಡಬೇಡಿ. ಫೋನ್ ತುಂಬಿತು ಅಂತ ಯಾರಾದರೂ ಕ್ಲೀನ್ ಮಾಡಿದರೆ ಫೈಲ್ ಹೋಗುತ್ತದೆ, ಮತ್ತೆ ಹಳೇ ರಿಂಗ್‌ಟೋನ್. ರಿಂಗ್‌ಟೋನ್ಸ್ ಫೋಲ್ಡರ್‌ಗೆ ಹಾಕಿ.

ತೀರ್ಥಹಳ್ಳಿ ಮಗಳು:
ಸಿಮ್‌ನಲ್ಲೇ ಇತ್ತು! ಈಗ ಸರಿಯಾಯಿತು. ಗದ್ದೆಯಂಚಿಗೆ ಹೋಗಿ ಅಲ್ಲಿಂದ ಫೋನ್ ಮಾಡಿ ನೋಡಿದೆ. ಮಳೆ ಬರುತ್ತಿತ್ತು. ನನ್ನದೇ ದನಿ ಮನೆಯೊಳಗಿಂದ ಸಣ್ಣಗೆ ನನಗೇ ಕೇಳಿಸಿತು. ಅಮ್ಮ ಎರಡನೇ ಕೂಗಿಗೇ ಎತ್ತಿದರು.