ಸೀಗಿ ಹುಣ್ಣಿಮೆಯ ಚರಗವನ್ನು ಭಾನುವಾರಕ್ಕೆ ಸರಿಸಬಹುದೇ?

ಪ್ರಶ್ನೆ: ರೋಣ ತಾಲ್ಲೂಕಿನ ಬೆಂಗಳೂರು ನಿವಾಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಊರು ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿದೆ. ನಾವು ಮೂವರು ಅಣ್ಣತಮ್ಮಂದಿರು ಬೆಂಗಳೂರು, ಹುಬ್ಬಳ್ಳಿ ಮತ್ತು ಪುಣೆಗಳಲ್ಲಿ ನೆಲೆಸಿದ್ದೇವೆ. ಅಪ್ಪ ತೀರಿಕೊಂಡ ಮೇಲೆ 8 ಎಕರೆ ಎರೆಹೊಲವನ್ನು ಊರಿನ ಒಂದು ಕುಟುಂಬಕ್ಕೆ ಲಾವಣಿಗೆ (ಗೇಣಿಗೆ) ಕೊಟ್ಟೆವು. ಅದಕ್ಕೆ ಈಗ 11 ವರ್ಷ. ಊರಿನ ಮನೆ ಇನ್ನೂ ಇದೆ, ಆದರೆ ಬೀಗ ಹಾಕಿಕೊಂಡಿದೆ.

ಅವ್ವನಿಗೆ 76 ವರ್ಷ. ಶ್ರಾವಣ ಕಳೆದಾಗಿನಿಂದ ಆಕೆ "ಇನ್ನೊಮ್ಮೆ ಸೀಗಿ ಹುಣ್ವಿಗೆ ಹೊಲದಾಗ ಕುಂತು ಉಣಬೇಕು" ಎನ್ನುತ್ತಿದ್ದಾಳೆ. ನಮ್ಮ ಮಕ್ಕಳಲ್ಲಿ ಒಬ್ಬರೂ ಚರಗ (ಹಬ್ಬದ ಅಡುಗೆಯನ್ನು ಬೆರೆಸಿ ಹೊಲದ ಪೈರಿಗೆ ಅರ್ಪಿಸುವ ಎಡೆ) ಚೆಲ್ಲುವುದನ್ನು ಕಂಡಿಲ್ಲ. ಹೀಗಾಗಿ ಈ ಶರತ್ಕಾಲದಲ್ಲಿ ಮೂರೂ ಮನೆಯವರು ಸೇರಬೇಕೆಂದು ನಿಶ್ಚಯಿಸಿದ್ದೇವೆ. ತೊಡಕಿರುವುದು ದಿನಗಳಲ್ಲಿ. 2025ರ ಪಂಚಾಂಗ ನೋಡಿದರೆ ವಿಜಯದಶಮಿ ಅಕ್ಟೋಬರ್ 2ರ ಗುರುವಾರ, ಸೀಗಿ ಹುಣ್ಣಿಮೆ 7ರ ಮಂಗಳವಾರ, ನರಕ ಚತುರ್ದಶಿ 20ರ ಸೋಮವಾರ, ಬಲಿಪಾಡ್ಯಮಿ 22ರ ಬುಧವಾರ, ಗೌರಿ ಹುಣ್ಣಿಮೆ ನವೆಂಬರ್ 5ರ ಬುಧವಾರ ಬಂದಿವೆ. ಒಂದು ಹಬ್ಬವೂ ಶನಿವಾರ ಅಥವಾ ಭಾನುವಾರ ಬಿದ್ದಿಲ್ಲ. ಸೀಗಿ ಹುಣ್ಣಿಮೆಯಂದು ವಾಲ್ಮೀಕಿ ಜಯಂತಿಯ ರಜೆ ಇರುವುದು ನಮಗೆ ಅನುಕೂಲ, ಆದರೆ ಪುಣೆಯ ತಮ್ಮನಿಗೆ ಅದು ಕೆಲಸದ ದಿನ.

ಆದ್ದರಿಂದ 5ರ ಭಾನುವಾರವೇ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಉಂಡು, ಸಂಜೆಗೆ ಹೊರಡಬಹುದೇ ಎಂಬುದು ನನ್ನ ಮೊದಲ ಪ್ರಶ್ನೆ. ಎರಡನೆಯದನ್ನು ಕೇಳುವುದು ನನಗೆ ಹೆಚ್ಚು ಕಷ್ಟ. ಉತ್ತಿ ಬಿತ್ತಿದವರು ಬೇರೆಯವರಾಗಿರುವಾಗ ಆ ಹೊಲದಲ್ಲಿ ಚರಗ ಚೆಲ್ಲುವ ಹಕ್ಕು ನಮಗೆ ಉಳಿದಿದೆಯೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಎರೆಸೀಮೆಯ ಗೃಹಿಣಿ

ಅಣ್ಣಾ, ನಿಮ್ಮ ಅವ್ವನವರ ಆಸೆ ಓದಿ ನನ್ನ ಅತ್ತೆಯವರು ನೆನಪಾದರು. ನಾನು ಮದುವೆಯಾಗಿ ಬಂದ 24 ವರ್ಷಗಳಿಂದ ಪ್ರತಿ ಸೀಗಿ ಹುಣ್ಣಿಮೆಗೂ ಬುತ್ತಿ ಕಟ್ಟಿದ್ದೇನೆ. ಆ ಬಲದಿಂದ ಹೇಳುತ್ತೇನೆ: ಭಾನುವಾರ ಬೇಡ, ಮಂಗಳವಾರವೇ ಹೋಗಿರಿ.

ತಿಥಿ ತಪ್ಪಿದರೆ ದೋಷ ಬರುತ್ತದೆ ಎಂಬ ಭಯದಿಂದ ನಾನು ಹೀಗೆ ಹೇಳುತ್ತಿಲ್ಲ. ಸೀಗಿ ಹುಣ್ಣಿಮೆ ಒಂದೊಂದೇ ಮನೆಯಲ್ಲಿ ನಡೆಯುವ ಪೂಜೆಯಲ್ಲ. ಆ ದಿನ ಊರಿಗೆ ಊರೇ ಹೊಲಕ್ಕೆ ಇಳಿಯುತ್ತದೆ. ನಿಮ್ಮ ಹೊಲದಲ್ಲಿ ಒಬ್ಬರು ಚರಗ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗಿದರೆ ಬದುವಿನಾಚೆಯ ಹೊಲದಿಂದಲೂ ಅದೇ ಕೂಗು ಕೇಳಿಸುತ್ತದೆ, ಹಿಂದಿನಿಂದ ನೀರು ಚಿಮುಕಿಸುತ್ತ ಬರುವವರು ತಮ್ಮ ತಮ್ಮ ಊರಿನ ಮಾತಿನಲ್ಲಿ ಅದಕ್ಕೆ ಓಗೊಡುತ್ತಾರೆ, ಉಂಡಾದ ಮೇಲೆ ಪಕ್ಕದ ಹೊಲದವರು ಕರ್ಚಿಕಾಯಿ ಹಿಡಿದು ನಿಮ್ಮಲ್ಲಿಗೆ ಬರುತ್ತಾರೆ, ನೀವು ಶೇಂಗಾ ಹೋಳಿಗೆ ಹಿಡಿದು ಅವರಲ್ಲಿಗೆ ಹೋಗುತ್ತೀರಿ. ಭಾನುವಾರ ಹೋದರೆ ಸುತ್ತಲಿನ ಹೊಲಗಳಲ್ಲಿ ಯಾರೂ ಇರುವುದಿಲ್ಲ. ನಿಮ್ಮ ಮಕ್ಕಳು ಹಬ್ಬವನ್ನು ಕಂಡಂತಾಗುವುದಿಲ್ಲ. ಬಯಲಿನಲ್ಲಿ ಊಟ ಮಾಡಿ ಬಂದಂತಾಗುತ್ತದೆ.

ಅಡುಗೆಯ ಭಾರವನ್ನು ಹಂಚಿಕೊಳ್ಳಬಹುದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಖಡಕ್ ಜೋಳದ ರೊಟ್ಟಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಗುರೆಳ್ಳು ಚಟ್ನಿಗಳನ್ನು ಮೂರ್ನಾಲ್ಕು ದಿನ ಮೊದಲೇ ಮಾಡಿಟ್ಟರೂ ಕೆಡುವುದಿಲ್ಲ. ಎಣ್ಣೆಗಾಯಿ, ಪುಂಡಿಪಲ್ಯ, ಮಡಕೆಕಾಳಿನ ಪಲ್ಯ, ಕಡಬು, ಮೊಸರನ್ನಗಳನ್ನು ಮಾತ್ರ ಆ ದಿನ ಬೆಳಿಗ್ಗೆಯೇ ಎದ್ದು ಮಾಡಬೇಕು. ಚರಗಕ್ಕೆ ಎಲ್ಲ ಅಡುಗೆಯಲ್ಲಿಯೂ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಬೇಕಾದ್ದರಿಂದ ಒಲೆ ಹೊತ್ತಿಸದೆ ಈ ಹಬ್ಬ ಆಗುವುದಿಲ್ಲ. ಬೀಗ ಹಾಕಿದ ಮನೆಯನ್ನು ಎರಡು ದಿನ ಮೊದಲೇ ತೆರೆಸಿ, ನೀರು ಮತ್ತು ಗ್ಯಾಸಿನ ವ್ಯವಸ್ಥೆ ನೋಡಿಕೊಳ್ಳಿರಿ.

ಇನ್ನೊಂದು ಮಾತು. ಆ ಹೊತ್ತಿಗೆ ಹಸ್ತ ಮಳೆ ನಡೆದಿರುತ್ತದೆ. ಎರೆಮಣ್ಣು ಒಮ್ಮೆ ನೆನೆದರೆ ಚಪ್ಪಲಿಯನ್ನೂ ಬಿಡುವುದಿಲ್ಲ, ಕಾರಿನ ಗಾಲಿಯನ್ನೂ ಬಿಡುವುದಿಲ್ಲ. ಕಾರನ್ನು ಡಾಂಬರು ರಸ್ತೆಯಲ್ಲಿಯೇ ನಿಲ್ಲಿಸಿ, ಅವ್ವನವರಿಗೆ ಚಕ್ಕಡಿ ಅಥವಾ ಟ್ರ್ಯಾಕ್ಟರ್ ಹೇಳಿಡಿ. ನೆಲದ ಮೇಲೆ ಕೂರಲು ಆಗದಿದ್ದರೆ ಒಂದು ಕುರ್ಚಿಯೂ ಜೊತೆಗಿರಲಿ.

ಉತ್ತರ 2: ಲಾವಣಿಗೆ ಹೊಲ ಮಾಡುವ ರೈತ

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸಬೇಕೆಂದೇ ಬರೆಯುತ್ತಿದ್ದೇನೆ. ನಾನು ನವಲಗುಂದದ ಕಡೆಯವನು. ನನ್ನ ಸ್ವಂತದ್ದು 2 ಎಕರೆ. ಇನ್ನೊಬ್ಬರ 6 ಎಕರೆಯನ್ನು ಲಾವಣಿಗೆ ಮಾಡುತ್ತೇನೆ. ನಿಮ್ಮ ಹೊಲ ಮಾಡುವ ಮನೆಯವರ ಸ್ಥಾನದಲ್ಲಿ ನಿಂತು ನಾಲ್ಕು ಮಾತು ಹೇಳುತ್ತೇನೆ.

ಚರಗ ಸಲ್ಲುವುದು ಹೊಲದಲ್ಲಿ ನಿಂತ ಪೈರಿಗೇ ಹೊರತು ಉತಾರದಲ್ಲಿರುವ (ಪಹಣಿಯಲ್ಲಿರುವ) ಹೆಸರಿಗಲ್ಲ ಎಂಬುದು ನನ್ನ ತಿಳಿವಳಿಕೆ. ಹಿಂಗಾರಿ ಜೋಳ ಬಿತ್ತಿ, ಅದು ಮೊಳೆತು ಗೇಣುದ್ದ ಆಗುವವರೆಗೆ ನೆಲ ನೋಡುತ್ತ, ಮೋಡ ನೋಡುತ್ತ ಕಳೆದವರು ಆ ದಿನ ಚೆಲ್ಲುವ ಚರಗ ಅದು. ಆದ್ದರಿಂದ ನೀವು ಎರಡು ದಿನ ಮೊದಲೇ ಹೋಗಿ ಚರಗ ಚೆಲ್ಲಿ ಬಂದರೆ, ಆ ಕುಟುಂಬಕ್ಕೆ ತಮ್ಮ ಹಬ್ಬವನ್ನು ಬೇರೆಯವರು ಮಾಡಿ ಹೋದಂತೆ ಅನ್ನಿಸುವ ಸಾಧ್ಯತೆ ಇದೆ. ಅವರು ಬಾಯಿಬಿಟ್ಟು ಹೇಳಲಿಕ್ಕಿಲ್ಲ. ಹೊಲದ ಧಣಿಗೆ ಹಾಗೆ ಹೇಳುವುದು ನಮಗೆ ಸುಲಭವಲ್ಲ.

ಹಾಗೆಂದು ನಿಮಗೆ ಅಲ್ಲಿ ಜಾಗವಿಲ್ಲ ಎಂದೂ ನಾನು ಒಪ್ಪುವುದಿಲ್ಲ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸುವ ಜಾಗವನ್ನು ಗೊತ್ತುಮಾಡಿದವರು ನಿಮ್ಮ ಹಿರಿಯರೇ ಇರಬೇಕು. ನಾನು ಮಾಡುವ ಹೊಲದಲ್ಲಿಯೂ ಹಾಗೆಯೇ ಇದೆ, ನಾವು ಆ ಜಾಗವನ್ನು ಬದಲಿಸಿಲ್ಲ. ನಿಮ್ಮ ಅವ್ವನವರು ಬಂದು ಪೂಜೆಗೆ ಕುಳಿತರೆ ಆ ಮನೆಯ ಹೆಣ್ಣುಮಕ್ಕಳು ಖಂಡಿತ ಸಂತೋಷಪಡುತ್ತಾರೆ. ಈಗಲೇ ಫೋನು ಮಾಡಿ, "ನಾವು ಬರುತ್ತೇವೆ" ಎನ್ನುವ ಬದಲು "ನಿಮ್ಮ ಜೊತೆ ಬರಬಹುದೇ" ಎಂದು ಕೇಳಿರಿ. ಚರಗದ ಬುಟ್ಟಿ ಅವರ ಕೈಯಲ್ಲಿರಲಿ, ನೀರಿನ ತಂಬಿಗೆಯನ್ನು ನಿಮ್ಮ ಮಕ್ಕಳು ಹಿಡಿಯಲಿ.

ಒಂದು ವಿನಂತಿಯೂ ಇದೆ. ನಾನು ಮಾಡುವ ಹೊಲದ ಮಾಲೀಕರು ಒಂದು ವರ್ಷ ಇದೇ ಹಬ್ಬಕ್ಕೆ ಕುಟುಂಬ ಸಮೇತ ಬಂದಿದ್ದರು. ನಮ್ಮ ಮನೆಯಾಕೆ ನಸುಕಿನ 3 ಗಂಟೆಗೆ ಎದ್ದು ಎಲ್ಲರಿಗೂ ಅಡುಗೆ ಮಾಡಿದ್ದಳು. ಊಟ ಮುಗಿಯುತ್ತಿದ್ದಂತೆ ಅವರು ಮುಂದಿನ ವರ್ಷದ ಲಾವಣಿ ಹೆಚ್ಚಿಸುವ ಮಾತು ತೆಗೆದರು. ಚರಗದ ಬುಟ್ಟಿ ಇನ್ನೂ ಬರಿದಾಗಿರಲಿಲ್ಲ. ಆ ಮಾತು ತಪ್ಪೆಂದು ನಾನು ಹೇಳುವುದಿಲ್ಲ, ಅದಕ್ಕೆ ಯುಗಾದಿಯ ಹೊತ್ತಿದೆ. ದಯವಿಟ್ಟು ಆ ಒಂದು ದಿನ ಲಾವಣಿ, ಬದು, ಸರ್ವೆ, ಮಾರಾಟ ಯಾವುದನ್ನೂ ಹೊಲದಲ್ಲಿ ಆಡಬೇಡಿರಿ.

ಉತ್ತರ 3: ಸಾಗರದ ಕಡೆಯವರು

ನಮ್ಮ ಮಲೆನಾಡಿನಲ್ಲಿ ಇದೇ ಹುಣ್ಣಿಮೆಗೆ ಭೂಮಿ ಹುಣ್ಣಿಮೆ ಎನ್ನುತ್ತೇವೆ. ಭತ್ತದ ಗದ್ದೆ ಹೊಡೆ ತುಂಬಿ ನಿಂತಿರುವ ಕಾಲ ಅದು. ಭೂಮಿತಾಯಿ ಬಸುರಿ ಎಂದು ಬಗೆದು ಅವಳಿಗೆ ಬಯಕೆಯ ಊಟ ಬಡಿಸುತ್ತೇವೆ. ದಸರಾ ಮುಗಿಯುತ್ತಿದ್ದಂತೆ ಹಬ್ಬದ ಅಡುಗೆ ಹೊತ್ತೊಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನಿಂದ ಚಿತ್ತಾರ ಬರೆಯುವ ಕೆಲಸ ತೊಡಗುತ್ತದೆ. ಹಬ್ಬದ ಹಿಂದಿನ ರಾತ್ರಿ ಹೆಂಗಸರು ನಿದ್ದೆಗೆಟ್ಟು ಕೊಟ್ಟೆ ಕಡುಬು, ಬಗೆಬಗೆಯ ಸೊಪ್ಪು, ತರಕಾರಿಗಳನ್ನು ಬೇಯಿಸುತ್ತಾರೆ. ಬೆಳಕು ಹರಿಯುವ ಮೊದಲೇ ಬುಟ್ಟಿ ಗದ್ದೆಯ ಕಡೆ ಹೊರಡುತ್ತದೆ. ನಮ್ಮಲ್ಲಿ ಒಂದು ಕಡುಬನ್ನು ಗದ್ದೆಯಲ್ಲಿ ಹುಗಿದಿಟ್ಟು, ಕೊಯ್ಲಿನ ವೇಳೆಗೆ ಅದನ್ನು ತೆಗೆಯುವ ರೂಢಿಯೂ ಇದೆ.

ನಾನೂ ನಗರದಲ್ಲಿ ಉದ್ಯೋಗದಲ್ಲಿರುವವನು. ಹಲವು ವರ್ಷ ರಾತ್ರಿ ಬಸ್ಸು ಹಿಡಿದು ಹಬ್ಬದ ದಿನ ಬೆಳಿಗ್ಗೆ 7 ಗಂಟೆಗೆ ಊರು ಮುಟ್ಟುತ್ತಿದ್ದೆ. ಅಷ್ಟು ಹೊತ್ತಿಗೆ ಎಲ್ಲರೂ ಗದ್ದೆಯಿಂದ ಮರಳಿರುತ್ತಿದ್ದರು, ನನಗೆ ಸಿಗುತ್ತಿದ್ದುದು ಊಟ ಮಾತ್ರ. ಆದ್ದರಿಂದ ನಿಮ್ಮ ಮಕ್ಕಳನ್ನು ಹಬ್ಬದ ಹಿಂದಿನ ಸಂಜೆಯೇ ಊರಿಗೆ ಕರೆದೊಯ್ಯಿರಿ. ನಿಮ್ಮ ಕಡೆ ಹೊಲಕ್ಕೆ ಹೊರಡುವುದು ಹೊತ್ತೇರಿದ ಮೇಲೆ ಇರಬಹುದು, ಆದರೆ ಒಲೆಯ ಮುಂದಿನ ಗಡಿಬಿಡಿಯನ್ನು ಕಂಡವರಿಗೇ ಆ ಬುತ್ತಿಯ ಬೆಲೆ ತಿಳಿಯುತ್ತದೆ. ಅಂದಹಾಗೆ, ಈ ಬಾರಿ ಹುಣ್ಣಿಮೆ ತಿಥಿ 6ರ ಮಧ್ಯಾಹ್ನವೇ ಹಿಡಿದು 7ರ ಬೆಳಿಗ್ಗೆ ಮುಗಿಯುತ್ತದೆ. ಊರಿನವರು ಯಾವ ದಿನ ಹೊರಡುತ್ತಾರೆಂಬುದನ್ನು ಕ್ಯಾಲೆಂಡರಿನ ಬದಲು ಅವರನ್ನೇ ಕೇಳಿ ಖಚಿತಪಡಿಸಿಕೊಳ್ಳಿ.

ಉತ್ತರ 4: ಗದಗದ ನಿವಾಸಿ

ಭಾನುವಾರವನ್ನು ವ್ಯರ್ಥ ಮಾಡಬೇಕಾಗಿಲ್ಲ. ಗದಗದಿಂದ 12 ಕಿಲೋಮೀಟರ್ ದೂರದಲ್ಲಿ ಲಕ್ಕುಂಡಿ ಇದೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿವಿಶ್ವೇಶ್ವರ ಗುಡಿ, ಮುಸುಕಿನ ಬಾವಿಗಳನ್ನು ಅರ್ಧ ದಿನದಲ್ಲಿ ನಿಧಾನವಾಗಿ ನೋಡಬಹುದು. ಮಾಗಡಿ ಕೆರೆಯನ್ನು ಈ ಪ್ರವಾಸಕ್ಕೆ ಸೇರಿಸಬೇಡಿ. 2024ರಲ್ಲಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿದ ಆ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಬರುವುದು ಚಳಿ ಹಿಡಿದ ಮೇಲೆಯೇ. ಅಕ್ಟೋಬರಿನಲ್ಲಿ ಹೋದರೆ ಮಕ್ಕಳಿಗೆ ನಿರಾಸೆಯಾಗುತ್ತದೆ. ರೈಲಿನ ಮುಂಗಡ ಟಿಕೆಟ್ 60 ದಿನ ಮೊದಲು ತೆರೆಯುತ್ತದೆ. ದಸರಾದ ವಾರದಲ್ಲಿ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಬಹುಬೇಗ ತುಂಬುವುದರಿಂದ ತಡಮಾಡಬೇಡಿ.

ಪ್ರಶ್ನೆ ಕೇಳಿದವರ ಮರುಮಾತು

ನಿಮಗೆಲ್ಲ ಕೃತಜ್ಞತೆಗಳು. ಎರಡನೆಯ ಉತ್ತರವನ್ನು ಅಣ್ಣನಿಗೂ ತಮ್ಮನಿಗೂ ಓದಿ ಹೇಳಿದೆ. ಈ ಭೇಟಿಯಲ್ಲಿ ಲಾವಣಿಯ ಲೆಕ್ಕವನ್ನೂ ಮುಗಿಸಿ ಬರೋಣವೆಂದು ನಾವು ಮಾತಾಡಿಕೊಂಡಿದ್ದುದು ನಿಜ, ಅದನ್ನು ಕೈಬಿಟ್ಟಿದ್ದೇವೆ. ತಮ್ಮ ಸೋಮವಾರ, ಮಂಗಳವಾರ ಎರಡು ದಿನ ರಜೆ ಹಾಕುತ್ತಾನೆ. ಶನಿವಾರ ಊರಿನ ಮನೆ ತೆರೆದು ಬನ್ನಿ ಕೊಡಲು ಹಿರಿಯರ ಮನೆಗಳಿಗೆ ಹೋಗುವುದು, ಭಾನುವಾರ ಲಕ್ಕುಂಡಿ, ಸೋಮವಾರ ಅಡುಗೆಯ ಸಿದ್ಧತೆ ಎಂದು ಗೊತ್ತುಮಾಡಿದ್ದೇವೆ.

ನಿನ್ನೆ ಸಂಜೆ ಹೊಲ ಮಾಡುವವರ ಮನೆಗೆ ಫೋನು ಮಾಡಿ, ಜೊತೆಗೆ ಬರಬಹುದೇ ಎಂದು ಕೇಳಿದೆ. ಆ ಮನೆಯ ತಾಯಿ ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ ಎಷ್ಟು ಜನ ಬರುತ್ತೇವೆಂದು ವಿಚಾರಿಸಿ, ರೊಟ್ಟಿ ಅವರದೇ ಇರಲಿ, ನಾವು ಹೋಳಿಗೆ ಮತ್ತು ಕರ್ಚಿಕಾಯಿ ತಂದರೆ ಸಾಕೆಂದರು. ಅವ್ವ ಫೋನು ಇಸಿದುಕೊಂಡು ಅವರೊಡನೆ ಅರ್ಧ ಗಂಟೆ ಮಾತಾಡಿದಳು. ಬನ್ನಿ ಗಿಡದ ಒಂದು ಟೊಂಗೆ ಕಳೆದ ಮಳೆಗಾಲದಲ್ಲಿ ಮುರಿದಿದೆಯಂತೆ, ಬುಡದ ಐದು ಕಲ್ಲು ಮಾತ್ರ ಹಾಗೆಯೇ ಇವೆಯಂತೆ.