ವಲಯ ರಕ್ಷಣೆಯನ್ನು ಒಡೆಯುವ ಆಟ: ಕೆಲವು ಪದಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಪ್ರೌಢಶಾಲೆಯ ದೈಹಿಕ ಶಿಕ್ಷಕರಿಗಾಗಿ ಬ್ಯಾಸ್ಕೆಟ್‌ಬಾಲ್ ತರಬೇತಿಯ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಡ್ರಿಬಲ್, ಪಾಸ್, ಶಾಟ್, ರಿಬೌಂಡ್ ಇವುಗಳ ಬಗ್ಗೆ ತಕರಾರಿಲ್ಲ. ಮಂಡ್ಯದ ಹುಡುಗಿಯೂ ಧಾರವಾಡದ ಹುಡುಗನೂ ಬಳಸುವ ಮಾತುಗಳವು, ಹಾಗೆಯೇ ಇರಲಿ. ಕನ್ನಡ ಪದ ಹುಡುಕುವಲ್ಲಿ ತೊಡಕು ಬಂದಿರುವುದು ಎದುರಾಳಿ 'ಜೋನ್' ಹಾಕಿ ನಿಂತಾಗ ನಮ್ಮ ಆಟ ಹೇಗಿರಬೇಕು ಎಂಬ ಅಧ್ಯಾಯದಲ್ಲಿ.

ಮೊದಲಿಗೆ ಜೋನ್ ಡಿಫೆನ್ಸ್. 'ಕ್ಷೇತ್ರರಕ್ಷಣೆ'ಯನ್ನು ಕ್ರಿಕೆಟ್‌ನವರು ಎಂದೋ ತಮ್ಮದಾಗಿಸಿಕೊಂಡಿದ್ದಾರೆ, ಅದು ಕೈಬಿಟ್ಟ ಹಾಗೆಯೇ. 'ವಲಯ ರಕ್ಷಣೆ' ಅರ್ಥಕ್ಕೆ ಸರಿ. ಆದರೆ ಕ್ರೀಡಾಪುಟಗಳಲ್ಲಿ ವಲಯವೆಂದರೆ ದಕ್ಷಿಣ ವಲಯ, ವಲಯ ಮಟ್ಟದ ಕ್ರೀಡಾಕೂಟ. 'ದಕ್ಷಿಣ ವಲಯ ತಂಡವು ವಲಯ ರಕ್ಷಣೆಗೆ ಇಳಿಯಿತು' ಎಂದರೆ ಓದುಗ ಇನ್ನೊಮ್ಮೆ ಓದಬೇಕು. ಸದ್ಯಕ್ಕೆ ಅದನ್ನೇ ಉಳಿಸಿಕೊಂಡಿದ್ದೇನೆ. ಒಬ್ಬೊಬ್ಬರೂ ಒಬ್ಬೊಬ್ಬ ಎದುರಾಳಿಯನ್ನು ಕಾಯುವ ಮ್ಯಾನ್ ಟು ಮ್ಯಾನ್‌ಗೆ 'ಆಳಿಗೆ ಆಳು' ಹೇಳಿ ಮಾಡಿಸಿದಂತಿದೆ, ಹೆಣ್ಣುಮಕ್ಕಳ ತಂಡಕ್ಕೂ ಸಲ್ಲುತ್ತದೆ.

ಆಟದ ಪರಿಚಯವಿಲ್ಲದವರಿಗೆ ವಿಷಯ ಇಷ್ಟು. ಹೆಚ್ಚು ಬಳಕೆಯಲ್ಲಿರುವ 2-3 ವಲಯದಲ್ಲಿ ಇಬ್ಬರು ಮುಂದೆ, ಮೂವರು ಬುಟ್ಟಿಯ ಹತ್ತಿರ ಸಾಲಾಗಿ ನಿಲ್ಲುತ್ತಾರೆ. ಅವರು ಕಾಯುವುದು ಎದುರಾಳಿಯನ್ನಲ್ಲ, ತಮ್ಮ ಪಾಲಿನ ನೆಲವನ್ನು. ಚೆಂಡು ಹೋದ ಕಡೆಗೆ ಐವರೂ ಒಟ್ಟಿಗೆ ಸರಿಯುತ್ತಾರೆ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಬಹುಕಾಲ ಇದನ್ನು ನಿಷೇಧಿಸಿತ್ತು. 2001-02ರ ಋತುವಿನಿಂದ ಒಪ್ಪಿಕೊಂಡಿತಾದರೂ, ಯಾರನ್ನೂ ಕಾಯದೆ ಬುಟ್ಟಿಯ ಮುಂದೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದೆಂದು ರಕ್ಷಕನಿಗೆ ಷರತ್ತು ಹಾಕಿತು. ನಮ್ಮಲ್ಲಿ ನಡೆಯುವುದು ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾದ ನಿಯಮ, ಅದರಲ್ಲಿ ಈ ಷರತ್ತಿಲ್ಲ. ಹಾಗಾಗಿ ಎತ್ತರದ ಹುಡುಗನೊಬ್ಬನನ್ನು ಬುಟ್ಟಿಯ ಕೆಳಗೆ ನೆಟ್ಟು ಇಡೀ ಪಂದ್ಯ ಮುಗಿಸುವುದು ಶಾಲಾ ತಂಡಗಳಿಗೆ ಸುಲಭದ ಉಪಾಯ.

ಇದನ್ನು ಒಡೆಯುವ ಆಟಕ್ಕೆ 'ದಾಳಿ' ಎನ್ನಲು ನನಗೆ ಮನಸ್ಸು ಬರುತ್ತಿಲ್ಲ. ದಾಳಿ ಎಂದೊಡನೆ ಕಬಡ್ಡಿ ನೆನಪಾಗುತ್ತದೆ: ಒಬ್ಬನೇ ಹೋಗಿ 30 ಸೆಕೆಂಡಿನಲ್ಲಿ ಮುಟ್ಟಿ ಬರುವ ಆಟ. ಇಲ್ಲಿ ಬೇಕಾದದ್ದು ತಾಳ್ಮೆ. ಶಾಟ್ ಹೊಡೆಯಲು ಇರುವ 24 ಸೆಕೆಂಡಿನಲ್ಲಿ ಚೆಂಡನ್ನು ಕೈಯಿಂದ ಕೈಗೆ ಓಡಿಸಿ, ರಕ್ಷಕರನ್ನು ಅತ್ತಿತ್ತ ಎಳೆದಾಡಿಸಿ, ಅವರು ತಡವಾಗುವ ಕ್ಷಣಕ್ಕೆ ಕಾಯಬೇಕು. 'ಮುನ್ನಡೆ' ಎನ್ನೋಣವೆಂದರೆ ಅದು ಅಂಕಪಟ್ಟಿಯ ಮಾತು.

ಆಮೇಲೆ 'ಗ್ಯಾಪ್'. ಎದುರಿಗೆ ಇಬ್ಬರಿದ್ದರೆ ನಾವು ಮೇಲೆ, ಅಂದರೆ ಬುಟ್ಟಿಯಿಂದ ದೂರದಲ್ಲಿ, ಒಬ್ಬನನ್ನು, ಆ ಇಬ್ಬರ ನಡುವಿನ ತೆರಪಿಗೆ ನೇರವಾಗಿ ನಿಲ್ಲಿಸಬೇಕು. ಅವನು ಚೆಂಡು ಪುಟಿಸುತ್ತಾ ಅಲ್ಲಿಗೆ ಎರಡು ಹೆಜ್ಜೆ ನುಗ್ಗಿದರೆ ತಡೆಯುವವರು ಯಾರೆಂದು ಇಬ್ಬರಿಗೂ ಗೊಂದಲ. ಇಬ್ಬರೂ ಬಂದರೆ ಪಕ್ಕದಲ್ಲಿರುವ ನಮ್ಮವನು ಬಿಡುವಾದ. 'ಅಂತರ'ವೂ ಅಂಕಗಳಿಗೆ ಸೇರಿದ್ದು, 'ಬಿರುಕು' ಗೋಡೆಗೆ. 'ಸಂದು' ಸರಿಹೊಂದುತ್ತದೆ ಎಂದು ನನ್ನ ಎಣಿಕೆ. 'ಸಂದಿಗೆ ನುಗ್ಗು' ಎಂದು ಗೆರೆಯಾಚೆಯಿಂದ ಕೂಗಿದರೆ ಮಕ್ಕಳಿಗೆ ಅರ್ಥವಾಗುತ್ತದೆ. ಕೈಪಿಡಿಯ ಪದಕ್ಕೆ ನಾನು ಇಟ್ಟುಕೊಂಡಿರುವ ಪರೀಕ್ಷೆಯೂ ಇದೇ: ಕೂಗಲು ಬರಬೇಕು, ಕೇಳಿದವನ ಕಾಲು ಸರಿಯಾದ ಕಡೆಗೆ ಹೋಗಬೇಕು.

ಆ ಪರೀಕ್ಷೆಯಲ್ಲಿ 'ಓವರ್‌ಲೋಡ್'ಗೆ ಬರುವ 'ಅಧಿಕ ಭಾರ' ನಿಲ್ಲುವುದಿಲ್ಲ, ಅದು ಲಾರಿಗೆ ದಂಡ ಹಾಕುವ ಮಾತು. ಆಟದಲ್ಲಿ ಅದರ ಅರ್ಥ ಒಂದೇ ಬದಿಯಲ್ಲಿ ಅವರ ಇಬ್ಬರಿಗೆ ನಮ್ಮ ಮೂವರನ್ನು ಒಡ್ಡುವುದು. ಮೂಲೆಯಲ್ಲಿ ಒಬ್ಬ, ಅವನಿಗಿಂತ ಮೇಲೆ ಪಕ್ಕದಲ್ಲಿ ಒಬ್ಬ, ಒಳಗೆ ಒಬ್ಬ. ಕೆಳಗಿನ ರಕ್ಷಕ ಪಕ್ಕದವನ ಮೇಲೆ ಹೋದರೆ ಮೂಲೆ ಖಾಲಿ, ಮೂಲೆಯಲ್ಲೇ ಉಳಿದರೆ ಪಕ್ಕದವನಿಗೆ ಶಾಟ್. ನಾನು 'ಬದಿ ತುಂಬು' ಎಂದು ಬರೆದಿದ್ದೇನೆ, ಆಕ್ಷೇಪವಿದ್ದರೆ ಹೇಳಿ. 'ವೀಕ್ ಸೈಡ್' ಅನ್ನು 'ದುರ್ಬಲ ಬದಿ' ಎಂದರೆ ದಾರಿ ತಪ್ಪಿಸಿದಂತೆಯೇ. ಅಲ್ಲಿ ದುರ್ಬಲವಾದದ್ದು ಏನೂ ಇಲ್ಲ, ಆ ಹೊತ್ತಿಗೆ ಚೆಂಡಿಲ್ಲ ಅಷ್ಟೇ. ಅದಕ್ಕೆ 'ಚೆಂಡಿಲ್ಲದ ಬದಿ' ಸಾಕು.

'ದಾಳಿ'ಗೆ ಬದಲಿ ಪದವಲ್ಲದೆ, ಉತ್ತರ ಸಿಗದೆ ಉಳಿದವು ಇನ್ನೂ ಎರಡು. 'ಹೈ ಪೋಸ್ಟ್' ಅನ್ನು ಪದಕ್ಕೆ ಪದ ಮಾಡಿದರೆ 'ಉನ್ನತ ಹುದ್ದೆ'ಯಾಗಿ ಅರ್ಜಿ ಹಾಕಬೇಕಾದೀತು! ಅದು ಫ್ರೀ ಥ್ರೋ ಗೆರೆಯ ಸುತ್ತಲಿನ ಜಾಗ, ಮುಂದಿನ ಇಬ್ಬರ ಬೆನ್ನಿಗೂ ಹಿಂದಿನ ಮೂವರ ಎದುರಿಗೂ ನಡುವೆ ಇರುವಂಥದ್ದು. ಚೆಂಡು ಅಲ್ಲಿಗೆ ಬಂದರೆ ಹಿಂದಿನ ಸಾಲಿನ ನಡುವಿನವನು ಮೇಲೆ ಬರಲೇಬೇಕು, ಅವನ ಬೆನ್ನ ಹಿಂದೆ ಬುಟ್ಟಿ ತೆರೆದುಕೊಳ್ಳುತ್ತದೆ. ಗೆಳೆಯರೊಬ್ಬರು 'ಹೊಕ್ಕುಳು' ಎಂದು ಸೂಚಿಸಿದರು. ಜಾಗಕ್ಕೆ ಒಪ್ಪುತ್ತದೆ, ಆದರೆ ಎಂಟನೆಯ ತರಗತಿಯವರು ನಗುವುದನ್ನು ನಿಲ್ಲಿಸುವ ಜವಾಬ್ದಾರಿ ಯಾರದು?

ಇನ್ನೊಂದು 'ಸ್ಕಿಪ್ ಪಾಸ್'. ಐವರೂ ಬಲಕ್ಕೆ ಸರಿದಿರುವಾಗ, ನಡುವೆ ನಿಂತ ನಮ್ಮವನಿಗೆ ಕೊಡದೆ ಎಲ್ಲರ ತಲೆಯ ಮೇಲಿಂದ ಎಡ ಪಕ್ಕದವನಿಗೆ ಎಸೆಯುವುದು. ಕಾಲಿಗಿಂತ ಚೆಂಡು ವೇಗ, ರಕ್ಷಕ ತಲುಪುವಷ್ಟರಲ್ಲಿ ಶಾಟ್ ಕೈಬಿಟ್ಟಿರುತ್ತದೆ. 'ಹಾರುಪಾಸ್' ಎಂದರೆ ಎಸೆಯುವವನೇ ಹಾರಬೇಕೇನೋ ಅನ್ನಿಸುತ್ತದೆ. 'ದಾಟುಪಾಸ್' ಪರವಾಗಿಲ್ಲ, ಆದರೆ ಯಾರನ್ನು ದಾಟಿ ಎಂಬುದು ಅದರಲ್ಲಿಲ್ಲ. ಹತ್ತಿರದವನನ್ನು ಬಿಟ್ಟು ಆಚೆಯವನಿಗೆ ಎಸೆಯುವುದಕ್ಕೆ ಕರಾವಳಿಯಲ್ಲೋ ಉತ್ತರ ಕರ್ನಾಟಕದಲ್ಲೋ, ಲಗೋರಿಯಲ್ಲಾಗಲಿ ವಾಲಿಬಾಲ್‌ನಲ್ಲಾಗಲಿ, ಮಕ್ಕಳ ಬಾಯಲ್ಲಿರುವ ಮಾತು ಯಾವುದಾದರೂ ಇದ್ದರೆ, ಯಾವ ಊರಿನಲ್ಲಿ ಕೇಳಿದ್ದು ಎಂಬುದರ ಸಮೇತ ದಯವಿಟ್ಟು ತಿಳಿಸಿ.