ಪದ ಬೇಕು: ‘ಅಸೆಂಟ್’ಗೆ ಕನ್ನಡದಲ್ಲಿ ಏನೆನ್ನೋಣ?

ಹಿಂಸೆಯ ಕುರಿತ ಅಧ್ಯಯನವೊಂದರಲ್ಲಿ 13ರಿಂದ 17 ವಯಸ್ಸಿನವರು ಓದಿ ಸಹಿ ಹಾಕಬೇಕಾದ ಹಾಳೆ ನಾಳೆ ಅಚ್ಚಿಗೆ ಹೋಗಬೇಕು. ಪೋಷಕರು ಕೊಡುವುದು ‘ಕನ್ಸೆಂಟ್’, ಹುಡುಗ ಹುಡುಗಿಯರದು ‘ಅಸೆಂಟ್’. ಕರಡಿನಲ್ಲಿ ಎರಡಕ್ಕೂ ‘ಸಮ್ಮತಿ’ ಎಂದಿದೆ. ಅಪ್ಪ ಹೂಂ ಅಂದರೂ ಮಗಳು ಒಲ್ಲೆನೆಂದರೆ ಅವಳ ಮಾತೇ ನಿಲ್ಲಬೇಕು. ಬೇರೆ ಬೇರೆ ಪದ ಬೇಕು.

> ಇದರಲ್ಲಿ ಚರ್ಚೆಗೇನಿದೆ? ಹಿರಿಯರದು ‘ಅನುಮತಿ’, ಕಿರಿಯರದು ‘ಸಮ್ಮತಿ’. ಉಪಸರ್ಗಗಳೇ ಹೇಳುತ್ತವಲ್ಲ.

ಉಪಸರ್ಗ ಬಿಡಿ ಸಾರ್. ‘ಮೌನಂ ಸಮ್ಮತಿ ಲಕ್ಷಣಂ’ ಎಂಬುದು ಆ ಪದಕ್ಕೆ ಅಂಟಿಕೊಂಡೇ ಬರುತ್ತದೆ. ಈ ಕೆಲಸದಲ್ಲಿ ಅದು ಅಪಾಯದ ಮಾತು. ಏಟು ತಿಂದ ಮಗು ದೊಡ್ಡವರೆದುರು ತಲೆ ತಗ್ಗಿಸಿ ಕೂತರೆ ಅದು ಹೆದರಿಕೆಯೂ ಇರಬಹುದು. ಬಾಯಿಬಿಟ್ಟು ಹೇಳದಿದ್ದರೆ ‘ಬೇಡ’ ಎಂದೇ ಲೆಕ್ಕ. ವೈದ್ಯಕೀಯ ಸಂಶೋಧನೆಯ ನೀತಿ ಹೇಳುವ ಹೆಲ್ಸಿಂಕಿ ಘೋಷಣೆಯ 2013ರ ಪರಿಷ್ಕರಣೆ ಕೂಡ ಇಂಥವರ ನಿರಾಕರಣೆಯನ್ನು ಗೌರವಿಸಬೇಕು ಎನ್ನುತ್ತದೆ. ‘ಒಪ್ಪಿಗೆ’ ಎನ್ನಿ. ಶಾಸನಗಳಲ್ಲಿ ರುಜುವಿಗೇ ‘ಒಪ್ಪ’ ಎಂಬ ಹೆಸರಿತ್ತು.

> ಒಪ್ಪಿಗೆ ಅಚ್ಚಗನ್ನಡ ಎಂದಮೇಲೆ ‘ಪೋಷಕರ ಅನುಮತಿ’ ಏಕೆ ಉಳಿಯಬೇಕು? ‘ಹೆತ್ತವರ ಒಪ್ಪಿಗೆ’, ‘ಎಳೆಯರ ಒಪ್ಪಿಗೆ’ ಮಾಡಿ.

ಹೆತ್ತವರ ಜೊತೆ ಇಲ್ಲದ ಮಕ್ಕಳು ಏನು ಮಾಡಬೇಕು? ಇನ್ನು ಹದಿನೇಳರವನನ್ನು ‘ಎಳೆಯ’ ಎಂದರೆ ಹಾಳೆ ಮಡಚಿ ವಾಪಸು ಕೊಡುತ್ತಾನೆ. ‘ಪೋಷಕರ ಅನುಮತಿ’, ‘ನನ್ನ ಒಪ್ಪಿಗೆ’. ಮುಗಿಯಿತು.

ಪದಕ್ಕಿಂತ ಕರಡಿನ ಮೂರನೆಯ ಸಾಲು ನೋಡಿ: ‘ನೀವು ಹೇಳಿದ್ದೆಲ್ಲ ಗುಟ್ಟಾಗಿರುತ್ತದೆ.’ ಈ ಮಾತು ಕೊಡುವಂತಿಲ್ಲ. ಜೀವಕ್ಕೆ ಅಪಾಯವಿದೆ ಎಂದು ಗೊತ್ತಾದರೆ ಇನ್ನೊಬ್ಬರಿಗೆ ತಿಳಿಸಬೇಕಾಗುತ್ತದೆ. ಅದನ್ನು ಸಹಿಗೆ ಮೊದಲೇ ಹೇಳಿರಬೇಕು. ಹೇಳಿಕೊಂಡ ಮೇಲೆ ಹೇಳಿದರೆ ನಂಬಿಕೆದ್ರೋಹ. ‘ಗುಟ್ಟಾಗಿಡುತ್ತೇವೆ. ನಿಮಗಾಗಲಿ ಬೇರೆಯವರಿಗಾಗಲಿ ದೊಡ್ಡ ಅಪಾಯವಿದ್ದರೆ ಮಾತ್ರ ಇಂಥವರಿಗೆ ತಿಳಿಸುತ್ತೇವೆ, ನಿಮಗೆ ಮೊದಲು ಹೇಳಿ’ ಎಂದು ಬರೆಯಿರಿ. ‘ಇಂಥವರು’ ಯಾರೆಂದು ಹುದ್ದೆ ಸಮೇತ ಇರಲಿ.

ತಲೆಬರಹದಲ್ಲಿ ‘ಹಿಂಸೆ’ ಪದ ಬೇಡವೇ ಬೇಡ. ಹೊಡೆಯುವವರೇ ಮನೆಯಲ್ಲಿ ಆ ಹಾಳೆ ಓದಬಹುದು. ‘ಆರೋಗ್ಯ ಮತ್ತು ಬದುಕು’ ಸಾಕು. ವಿಷಯವನ್ನು ಒಬ್ಬರನ್ನೇ ಕೂರಿಸಿಕೊಂಡು ಬಾಯಲ್ಲಿ ಹೇಳಿ. ಸಹಾಯವಾಣಿಯ ಚೀಟಿ ಎಲ್ಲರಿಗೂ ಕೊಡಿ, ಹೇಳಿಕೊಂಡವರಿಗೆ ಮಾತ್ರ ಕೊಟ್ಟರೆ ಚೀಟಿಯೇ ಗುಟ್ಟು ಬಿಟ್ಟುಕೊಡುತ್ತದೆ. ಅದರಲ್ಲಿ ಹಲ್ಲು, ಕಣ್ಣಿನ ಆಸ್ಪತ್ರೆಯ ನಂಬರೂ ಸೇರಿರಲಿ.

> ‘ಸಹಾಯವಾಣಿ’ ಸಂಸ್ಕೃತ. ‘ನೆರವುದನಿ’ ಎನ್ನಬಾರದೇ?

‘ಸಹಿ’ ಅರಬ್ಬಿಯಿಂದ ಬಂದದ್ದು. ಮೊದಲು ಅದನ್ನು ಓಡಿಸಿ ಬನ್ನಿ.

> ‘ನನ್ನ ಒಪ್ಪಿಗೆ’ ಹಾಕುತ್ತಿದ್ದೇನೆ. ಮೂರನೆಯ ಸಾಲು ತಿದ್ದಿದೆ. ‘ಬೇಡವೆನಿಸಿದ ಪ್ರಶ್ನೆಯನ್ನು ದಾಟಿಸಬಹುದು’: ‘ದಾಟಿಸಬಹುದು’ ಸರಿಯೇ, ‘ಬಿಡಬಹುದು’ ಸಾಕೇ?

ಬಿಡಬಹುದು.